ಮೂಳೆ ಕೂಡಿದ್ದನ್ನು ರಕ್ತ ಎಷ್ಟು ಹೇಳುತ್ತದೆ?

ಮುರಿದ ಕಾಲಿನ ಮೂಳೆ ಕೂಡುವಾಗ ಆ ಜಾಗದಲ್ಲಿ ದುಡಿಯುವ ಜೀವಕೋಶಗಳಿಂದ ಕೆಲವು ಕಿಣ್ವಗಳೂ ಪ್ರೋಟೀನಿನ ತುಣುಕುಗಳೂ ರಕ್ತಕ್ಕೆ ಸೇರುತ್ತವೆ. ಅವುಗಳ ಮಟ್ಟವನ್ನು ಆಗಾಗ ಅಳೆಯುತ್ತ ಹೋದರೆ ಮೂಳೆ ಸರಿಯಾಗಿ ಕೂಡುತ್ತಿದೆಯೇ ಎಂಬುದನ್ನು ಎಕ್ಸ್‌ರೇಗಿಂತ ಮೊದಲೇ ತಿಳಿಯಬಹುದೆಂಬ ಆಸೆ ಹಳೆಯದು. ಅದಕ್ಕಾಗಿ ಪರೀಕ್ಷೆಗೆ ಒಳಗಾದ ಸೂಚಕಗಳೂ ಬಹಳ: ಆಲ್ಕಲೈನ್ ಫಾಸ್ಫಟೇಸ್, ಆಸ್ಟಿಯೋಕ್ಯಾಲ್ಸಿನ್, ನಾನಾ ಬಗೆಯ ಕೊಲಾಜೆನ್ ಚೂರುಗಳು. ‘ಮೂಳೆ ಕೂಡಿತು’ ಎಂದು ಖಚಿತವಾಗಿ ಹೇಳುವ ಶಕ್ತಿ ಇವುಗಳಲ್ಲಿ ಒಂದಕ್ಕೂ ಇನ್ನೂ ಬಂದಿಲ್ಲ. ಆದರೆ ಮೂಳೆ ಯಾಕೆ ಕೂಡುತ್ತಿಲ್ಲ, ಒಳಗೆ ಕೀವಾಗಿದೆಯೇ ಎಂಬ ಪ್ರಶ್ನೆಗಳಿಗೆ ರಕ್ತ ಕೊಡುವ ಉತ್ತರ ಚಿಕಿತ್ಸೆಯ ದಾರಿಯನ್ನೇ ಬದಲಿಸುವಷ್ಟು ಗಟ್ಟಿಯಾಗಿದೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಹೆಬ್ಬಾಳದಿಂದ ಯಲಹಂಕ ದಾಟಿ ದೇವನಹಳ್ಳಿಯತ್ತ ಸಾಗುವ ಬಳ್ಳಾರಿ ರಸ್ತೆಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ವಾಹನಗಳ ವೇಗವೇ ಬೇರೆಯಾಯಿತು. ಯಶವಂತಪುರದಿಂದ ಪೀಣ್ಯದ ಮೂಲಕ ಹೋಗುವ ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ಬೈಕುಗಳು ನುಸುಳುತ್ತವೆ. ಅಪಘಾತವೊಂದೇ ಅಲ್ಲ. ಹೊಸ ಬಡಾವಣೆಗಳ ಕಟ್ಟಡದ ಸಾರುವೆಯಿಂದ ಬೀಳುವ ಕೂಲಿಯವರು, ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಜಾರಿ ಕಾಲು ಮುರಿದುಕೊಳ್ಳುವ ಹಮಾಲರು, ಆರ್.ಟಿ. ನಗರದ ಹಳೆಯ ಮನೆಗಳ ಬಚ್ಚಲಲ್ಲಿ ಜಾರುವ ಅಜ್ಜಿಯರು ಕೂಡ ಮೂಳೆ ವಿಭಾಗದ ಸಾಲಿನಲ್ಲಿರುತ್ತಾರೆ. 1973ರಲ್ಲಿ ಆರಂಭವಾದ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, 1979ರಲ್ಲಿ ಹುಟ್ಟಿದ ಮತ್ತಿಕೆರೆ ಬಳಿಯ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜು ಮತ್ತು ಈಚಿನ ಖಾಸಗಿ ಆಸ್ಪತ್ರೆಗಳಿಗೆ ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಆ ಊರುಗಳ ಕೊಳವೆಬಾವಿ ನೀರಿಗೂ ರಕ್ತದ ವರದಿಗೂ ಒಂದು ಸಂಬಂಧವಿದೆ. ಅದರ ಮಾತು ಮುಂದೆ ಬರುತ್ತದೆ.

ಕಾಲಿನ ಮೂಳೆಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ, ಅಂದರೆ ಟಿಬಿಯಾ. ಅದರ ಮುಂಭಾಗದ ಒಳಮೈಗೆ ಮಾಂಸದ ಹೊದಿಕೆಯೇ ಇಲ್ಲ, ಚರ್ಮದ ಕೆಳಗೇ ಮೂಳೆ. ಹಾಗಾಗಿ ಪೆಟ್ಟು ಬಿದ್ದರೆ ಚರ್ಮ ಸೀಳಿ ಮೂಳೆ ಹೊರಬರುವುದು ಇಲ್ಲಿ ಹೆಚ್ಚು. ಕಣಕಾಲಿನ ಕೆಳಗಿನ ಮೂರನೇ ಒಂದು ಭಾಗಕ್ಕೆ ರಕ್ತದ ಪೂರೈಕೆಯೂ ಕಡಿಮೆ. ತೊಡೆಮೂಳೆಗೆ ಇದಕ್ಕೆ ವಿರುದ್ಧವಾಗಿ ಸುತ್ತ ದಪ್ಪ ಮಾಂಸಖಂಡಗಳಿವೆ. ಮುರಿದಾಗ ಒಂದರಿಂದ ಒಂದೂವರೆ ಲೀಟರ್ ರಕ್ತ ಒಳಗೇ ಸೋರಿಹೋಗಬಹುದಾದರೂ ಕೂಡುವ ವಿಷಯದಲ್ಲಿ ತೊಡೆಮೂಳೆ ಟಿಬಿಯಾಕ್ಕಿಂತ ನಂಬಿಕಸ್ಥ. ರಕ್ತ ಸೂಚಕಗಳ ಸಂಶೋಧನೆಯಲ್ಲಿ ಬಹುಪಾಲು ಟಿಬಿಯಾದ ಸುತ್ತಲೇ ನಡೆದಿರುವುದಕ್ಕೆ ಕಾರಣ ಇದೇ.

ವಯಸ್ಕರ ಟಿಬಿಯಾ ಕೂಡಲು ಸಾಮಾನ್ಯವಾಗಿ ನಾಲ್ಕೈದು ತಿಂಗಳು ಬೇಕು. ಚರ್ಮ ಸೀಳಿದ ಮುರಿತವಾದರೆ ಇನ್ನೂ ಹೆಚ್ಚು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ ವ್ಯಾಖ್ಯೆಯಂತೆ ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳಲ್ಲಿ ಯಾವ ಸುಧಾರಣೆಯೂ ಕಾಣದಿದ್ದರೆ ಮಾತ್ರ ಅದು ‘ಕೂಡದ ಮೂಳೆ’. ದಿನಗೂಲಿಯವನಿಗೆ ಒಂಬತ್ತು ತಿಂಗಳು ಕಾಯಿರಿ ಎನ್ನುವುದು ಸುಲಭದ ಮಾತಲ್ಲ. ಕರ್ನಾಟಕ ಸರ್ಕಾರ 2016ರಲ್ಲಿ ತಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25 ಸಾವಿರ ರೂಪಾಯಿವರೆಗೆ ನೆರವು ಕೊಡುತ್ತಿತ್ತು. ಜೀವ ಉಳಿಸುವ ಮಟ್ಟಿಗೆ ಅದು ದೊಡ್ಡದಾಗಿತ್ತು. ಮೂಳೆಯ ಲೆಕ್ಕವಾದರೋ ತಿಂಗಳುಗಳದ್ದು, ಆ ಅವಧಿಯ ಓಡಾಟ, ಎಕ್ಸ್‌ರೇ, ಕೂಲಿ ನಷ್ಟವೆಲ್ಲ ಮನೆಯವರ ತಲೆಯ ಮೇಲೆ.

ಈ ಕಾಯುವಿಕೆಯಲ್ಲಿ ವೈದ್ಯರ ಮುಖ್ಯ ಆಧಾರ ಎಕ್ಸ್‌ರೇ. ಟಿಬಿಯಾಕ್ಕೆ ‘ರಸ್ಟ್’ ಎಂಬ ಅಂಕಪದ್ಧತಿಯೂ ಇದೆ. ಮುಂದಿನಿಂದ ಮತ್ತು ಪಕ್ಕದಿಂದ ತೆಗೆದ ಎರಡು ಚಿತ್ರಗಳಲ್ಲಿ ಕಾಣುವ ನಾಲ್ಕು ಅಂಚುಗಳಿಗೆ ತಲಾ ಒಂದರಿಂದ ಮೂರು ಅಂಕ. ಹೊಸ ಮೂಳೆಯ ಸುಳಿವೇ ಇಲ್ಲದಿದ್ದರೆ ಒಟ್ಟು ನಾಲ್ಕು, ಮುರಿತದ ಗೆರೆ ಪೂರ್ತಿ ಮುಚ್ಚಿಹೋಗಿದ್ದರೆ ಹನ್ನೆರಡು. ತೊಡಕೆಂದರೆ, ಎಕ್ಸ್‌ರೇಗೆ ಕಾಣುವುದು ಸುಣ್ಣದ ಅಂಶ ಸೇರಿ ಗಟ್ಟಿಯಾದ ಭಾಗ ಮಾತ್ರ. ಮೊದಲ ವಾರಗಳಲ್ಲಿ ಅಲ್ಲಿ ಬಿರುಸಿನ ಕೆಲಸ ನಡೆದಿದ್ದರೂ ಚಿತ್ರ ಖಾಲಿ. ಒಳಗಿರುವ ರಾಡ್ ಅಥವಾ ಪ್ಲೇಟ್ ಒಂದಷ್ಟು ಭಾಗವನ್ನು ಮರೆಮಾಡುತ್ತದೆ. ಒಂದೇ ಚಿತ್ರವನ್ನು ನೋಡಿ ಇಬ್ಬರು ತಜ್ಞರು ಬೇರೆ ಬೇರೆ ಮಾತಾಡುವುದೂ ಉಂಟು. ರಕ್ತದತ್ತ ಕಣ್ಣು ಹಾಯಿಸಿದ್ದು ಈ ಖಾಲಿ ವಾರಗಳ ಸಲುವಾಗಿ.

ಮುರಿದ ಗಳಿಗೆಯಲ್ಲೇ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಉರಿಯೂತ ಶುರುವಾಗುತ್ತದೆ. ಮುಂದಿನ ವಾರಗಳಲ್ಲಿ ಆ ಹೆಪ್ಪಿನ ಜಾಗದಲ್ಲಿ ನಾರು ಅಂಗಾಂಶವೂ ಮೃದ್ವಸ್ಥಿಯೂ ಬೆಳೆದು ಎರಡು ತುದಿಗಳನ್ನು ಸಡಿಲವಾಗಿ ಹಿಡಿದಿಡುತ್ತವೆ. ಇದನ್ನು ವೈದ್ಯರು ಮೆದು ಕ್ಯಾಲಸ್ ಎನ್ನುತ್ತಾರೆ. ಆಮೇಲೆ ಮೃದ್ವಸ್ಥಿಯ ಕೋಶಗಳು ಊದಿಕೊಂಡು, ಸುತ್ತಲಿನ ವಸ್ತುವಿಗೆ ಸುಣ್ಣದ ಅಂಶ ಸೇರಿ, ರಕ್ತನಾಳಗಳು ಒಳನುಗ್ಗಿ, ಒರಟಾದ ಹೊಸ ಮೂಳೆ ಹುಟ್ಟುತ್ತದೆ. ಕೊನೆಯ ಹಂತದಲ್ಲಿ ಈ ಒರಟು ಮೂಳೆಯನ್ನು ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಕೆರೆದು ತೆಗೆಯುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಒಪ್ಪವಾಗಿ ಮತ್ತೆ ಕಟ್ಟುತ್ತವೆ. ಈ ತಿದ್ದುಪಡಿ ರೋಗಿ ನಡೆದಾಡತೊಡಗಿದ ಮೇಲೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಒಂದೊಂದು ಹಂತಕ್ಕೂ ಅದರದೇ ರಾಸಾಯನಿಕ ಗುರುತಿದೆ.

ಅತ್ಯಂತ ಹಳೆಯ ಗುರುತು ಆಲ್ಕಲೈನ್ ಫಾಸ್ಫಟೇಸ್, ಪ್ರಯೋಗಾಲಯದ ವರದಿಗಳಲ್ಲಿ ‘ಎಎಲ್‌ಪಿ’. ಮೂಳೆ ಗಟ್ಟಿಯಾಗುವುದಕ್ಕೂ ಈ ಕಿಣ್ವಕ್ಕೂ ಸಂಬಂಧವಿರಬಹುದೆಂದು 1923ರಲ್ಲಿ ಮೊದಲು ತೋರಿಸಿದವರು ಲಂಡನ್ನಿನ ಲಿಸ್ಟರ್ ಸಂಸ್ಥೆಯ ರಾಬರ್ಟ್ ರಾಬಿಸನ್. ಬೆಳೆಯುವ ಮೂಳೆಯಲ್ಲಿ ಈ ಕಿಣ್ವ ಫಾಸ್ಫೇಟನ್ನು ಬಿಡಿಸಿ ಕೊಡುತ್ತದೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ ಎಂಬುದು ಅವರ ವಾದ. ಹರಳುಗಟ್ಟುವುದನ್ನು ತಡೆಯುವ ಪೈರೋಫಾಸ್ಫೇಟ್ ಎಂಬ ವಸ್ತುವನ್ನು ಒಡೆದುಹಾಕುವುದೇ ಈ ಕಿಣ್ವದ ದೊಡ್ಡ ಕೆಲಸವೆಂದು ಆಮೇಲೆ ತಿಳಿಯಿತು. ವಯಸ್ಕರ ರಕ್ತದಲ್ಲಿ ಇದು ಲೀಟರಿಗೆ ಸುಮಾರು 40ರಿಂದ 130 ಯೂನಿಟ್ ಇರುತ್ತದೆ. ಕಾಲಿನ ಉದ್ದ ಮೂಳೆ ಮುರಿದ ಮೇಲೆ ಮೊದಲ ಒಂದೆರಡು ವಾರ ಹೆಚ್ಚೇನೂ ಬದಲಾಗದೆ, ಬಳಿಕ ಏರತೊಡಗಿ, ಕೆಲ ವಾರಗಳಲ್ಲಿ ಶಿಖರ ಮುಟ್ಟಿ, ಮೂಳೆ ಗಟ್ಟಿಯಾಗುತ್ತಿದ್ದಂತೆ ನಿಧಾನವಾಗಿ ಇಳಿಯುತ್ತದೆ. ಏರಬೇಕಾದ ಹೊತ್ತಿನಲ್ಲಿ ಏರದೆ ಉಳಿಯುವುದು, ಇಳಿಯಬೇಕಾದ ಹೊತ್ತಿನಲ್ಲಿ ಏರಿಯೇ ಇರುವುದು ಎರಡೂ ಎಚ್ಚರಿಕೆಯ ಗುರುತು.

ಪರೀಕ್ಷೆ ಅಗ್ಗ, ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲೂ ಆಗುತ್ತದೆ. ಅದೇ ಕಾರಣಕ್ಕೆ ಭಾರತದ ಸಂಶೋಧಕರು ಇದರ ಬೆನ್ನು ಬಿಟ್ಟಿಲ್ಲ. ಲಖನೌದ ಕಿಂಗ್ ಜಾರ್ಜ್ ವೈದ್ಯಕೀಯ ವಿಶ್ವವಿದ್ಯಾಲಯದ ಮೂಳೆ ವಿಭಾಗ ಟಿಬಿಯಾದ ಸರಳ ಮುರಿತಗಳಲ್ಲಿ ಎಎಲ್‌ಪಿಯ ಏರಿಳಿತವನ್ನು ಎಕ್ಸ್‌ರೇ ಜೊತೆ ಹೋಲಿಸಿ ನೋಡಿದೆ. ಚೆನ್ನಾಗಿ ಕೂಡುವವರಲ್ಲೂ ತಡವಾಗಿ ಕೂಡುವವರಲ್ಲೂ ಏರಿಳಿತದ ರೀತಿ ಬೇರೆ ಎಂಬುದು ಇಂಥ ಅಧ್ಯಯನಗಳ ಒಟ್ಟು ಸೂಚನೆ. ಆದರೆ ಗುಂಪಿನ ಸರಾಸರಿಯಲ್ಲಿ ಕಾಣುವ ವ್ಯತ್ಯಾಸವನ್ನು ಹೊರರೋಗಿ ವಿಭಾಗದಲ್ಲಿ ಎದುರಿಗೆ ಕೂತ ಒಬ್ಬ ರೋಗಿಗೆ ಅನ್ವಯಿಸಲು ಹೋದಾಗ ಲೆಕ್ಕ ಜಾರುತ್ತದೆ.

ಜಾರಲು ಮುಖ್ಯ ಕಾರಣ, ಎಎಲ್‌ಪಿ ಮೂಳೆಯ ಸ್ವಂತ ಆಸ್ತಿಯಲ್ಲ. ಯಕೃತ್ತು, ಕರುಳು, ಗರ್ಭಿಣಿಯರಲ್ಲಿ ಮಾಸು ಕೂಡ ಇದನ್ನು ರಕ್ತಕ್ಕೆ ಬಿಡುತ್ತವೆ. ಮದ್ಯಪಾನಿಯೊಬ್ಬನ ಎಎಲ್‌ಪಿ ಏರಿದ್ದರೆ ಅದು ಕಾಲಿನ ಸುದ್ದಿಯೋ ಪಿತ್ತನಾಳದ ಸುದ್ದಿಯೋ ತಿಳಿಯದು. ಯಕೃತ್ತಿನದೇ ಗುರುತಾದ ಜಿಜಿಟಿ ಎಂಬ ಇನ್ನೊಂದು ಕಿಣ್ವವನ್ನೂ ಅಳೆದು ನೋಡಿದರೆ ಅನುಮಾನ ಒಂದಿಷ್ಟು ಬಗೆಹರಿಯುತ್ತದೆ. ಫಿಟ್ಸ್‌ಗೆಂದು ವರ್ಷಾನುಗಟ್ಟಲೆ ಫೆನಿಟಾಯಿನ್ ಮಾತ್ರೆ ನುಂಗಿದವರಲ್ಲಿ ಇದು ಮೊದಲೇ ಏರಿರುವುದು ಸಾಮಾನ್ಯ. ಬೆಳೆಯುವ ಮಕ್ಕಳಲ್ಲಿ ವಯಸ್ಕರ ಎರಡು ಮೂರು ಪಟ್ಟು ಇರುವುದರಿಂದ ಮುರಿತದ ಪಾಲನ್ನು ಬೇರ್ಪಡಿಸುವುದೇ ಕಷ್ಟ. ಇನ್ನು ಫ್ಲೋರೈಡ್. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ಹಲವು ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ದಶಕಗಳ ಕಾಲ ಅದನ್ನೇ ಕುಡಿದವರ ಮೂಳೆಗಳಿಗೆ ಫ್ಲೋರೋಸಿಸ್ ತಟ್ಟಿದ್ದರೆ, ಕಾಲು ಮುರಿಯುವ ಮುಂಚೆಯೇ ಎಎಲ್‌ಪಿ ಎತ್ತರದಲ್ಲಿರುವ ಸಂಭವವಿದೆ. ಮುರಿತದ ಮೊದಲ ದಿನವೇ ಒಂದು ಮಾದರಿ ತೆಗೆದಿಡದಿದ್ದರೆ ಆಮೇಲಿನ ಯಾವ ಸಂಖ್ಯೆಗೂ ಬುಡವಿರುವುದಿಲ್ಲ. ಉತ್ತರ ಬೆಂಗಳೂರಿನ ಆಸ್ಪತ್ರೆಗಳಿಗೆ ಇದು ಪುಸ್ತಕದ ಎಚ್ಚರಿಕೆಯಲ್ಲ, ದಿನನಿತ್ಯದ ಸಂಗತಿ.

ಮೂಳೆಯಿಂದ ಬಂದ ಎಎಲ್‌ಪಿಯನ್ನಷ್ಟೇ ಹೆಕ್ಕಿ ಅಳೆಯುವ ಪರೀಕ್ಷೆಯೂ ಇದೆ, ದುಬಾರಿ. ವಿಚಿತ್ರವೆಂದರೆ ಈ ವಿಷಯದಲ್ಲಿ ನಾಯಿಗಳ ಚಿಕಿತ್ಸೆಯ ಅನುಭವ ದೊಡ್ಡದು. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ. ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿಗಳಿಗೆ ಪಿನ್ನು, ಪ್ಲೇಟು ಹಾಕಿದ ಮೇಲೆ ಕ್ಯಾಲ್ಸಿಯಂ, ಫಾಸ್ಫರಸ್, ಎಎಲ್‌ಪಿ ಮೂರನ್ನೂ ಹದಿನೈದು ದಿನಕ್ಕೊಮ್ಮೆ ಅಳೆದು ದಾಖಲಿಸುವುದು ಭಾರತದ ಪಶುವೈದ್ಯಕೀಯ ಪ್ರಬಂಧಗಳಲ್ಲಿ ರೂಢಿಯೇ ಆಗಿದೆ. ಅಲ್ಲೂ ಒಂದು ಬಲೆಯಿದೆ. ಸ್ಟೀರಾಯ್ಡ್ ಕೊಟ್ಟಾಗ ನಾಯಿಯ ಯಕೃತ್ತು ಎಎಲ್‌ಪಿಯ ಪ್ರತ್ಯೇಕ ರೂಪವೊಂದನ್ನು ತಯಾರಿಸಿ ಸಂಖ್ಯೆಯನ್ನು ಏರಿಸಿಬಿಡುತ್ತದೆ. ಮನುಷ್ಯರಲ್ಲಿ ಈ ರೂಪವಿಲ್ಲ.

ಕಿಣ್ವಕ್ಕಿಂತ ನೇರವಾದ ಗುರುತು ಕೊಲಾಜೆನ್. ಮೂಳೆಯ ಜೈವಿಕ ಚೌಕಟ್ಟಿನ ಶೇ 90ರಷ್ಟು ಒಂದನೇ ಬಗೆಯ ಕೊಲಾಜೆನ್. ಕೋಶ ಅದನ್ನು ಹೊರಗೆ ತಳ್ಳುವಾಗ ಎಳೆಯ ಎರಡು ತುದಿಗಳು ಕತ್ತರಿಸಿ ಬೀಳುತ್ತವೆ. ಅದರಲ್ಲಿ ಒಂದು ತುದಿಯ ತುಣುಕೇ ‘ಪಿ1ಎನ್‌ಪಿ’. ರಕ್ತದಲ್ಲಿ ಇದು ಹೆಚ್ಚಾದರೆ ಹೊಸ ಮೂಳೆ ಕಟ್ಟುವ ಕೆಲಸ ಹೆಚ್ಚಾಗಿದೆ ಎಂದರ್ಥ. ಆಸ್ಟಿಯೋಕ್ಲಾಸ್ಟ್‌ಗಳು ಹಳೆಯ ಮೂಳೆಯನ್ನು ಕರಗಿಸುವಾಗ ಉದುರುವ ಚೂರಿನ ಹೆಸರು ‘ಸಿಟಿಎಕ್ಸ್’. ಕಟ್ಟುವಿಕೆಗೆ ಪಿ1ಎನ್‌ಪಿ, ಕೆಡವುವಿಕೆಗೆ ಸಿಟಿಎಕ್ಸ್ ಮಾನಕವಾಗಿರಲಿ ಎಂದು ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಪ್ರತಿಷ್ಠಾನವೂ ಕ್ಲಿನಿಕಲ್ ಕೆಮಿಸ್ಟ್ರಿ ಒಕ್ಕೂಟವೂ 2011ರಲ್ಲಿ ಶಿಫಾರಸು ಮಾಡಿದವು. ಆ ಶಿಫಾರಸು ಸವೆದ ಮೂಳೆಯ ಚಿಕಿತ್ಸೆಗೆ ಸಂಬಂಧಿಸಿದ್ದೇ ಹೊರತು ಮುರಿದ ಮೂಳೆಗಲ್ಲ. ಮುರಿತದ ಸಂಶೋಧಕರು ಅದೇ ಅಳತೆಗೋಲನ್ನು ಎರವಲು ಪಡೆದಿದ್ದಾರೆ.

ಎರವಲಿನ ತೊಂದರೆ ಇಲ್ಲಿಯೇ. ದೊಡ್ಡವರ ಅಸ್ಥಿಪಂಜರದ ಸುಮಾರು ಶೇ 10ರಷ್ಟು ಭಾಗ ಪ್ರತಿ ವರ್ಷ ತಾನಾಗಿಯೇ ಕರಗಿ ಹೊಸದಾಗುತ್ತದೆ. ರಕ್ತದಲ್ಲಿ ಸಿಗುವುದು ಇಡೀ ದೇಹದ ಮೊತ್ತ, ಮುರಿತದ ಪಾಲು ಅದರಲ್ಲೊಂದು ಅಂಶ. ಮತ್ತಿಕೆರೆ, ಯಶವಂತಪುರದ ಕಡೆಯ ರಾಜಕಾಲುವೆಗಳೆಲ್ಲ ಬಂದು ಸೇರುವ ಹೆಬ್ಬಾಳ ಕೆರೆಯಿಂದ ಒಂದು ಲೋಟ ನೀರು ತೆಗೆದು, ಇದು ಯಾವ ಬೀದಿಯ ಚರಂಡಿಯದು ಎಂದು ಕೇಳಿದ ಹಾಗೆ. ಸಾಲದೆಂಬಂತೆ, ಕಾಲು ಮುರಿದವರು ಹಾಸಿಗೆ ಹಿಡಿಯುತ್ತಾರೆ. ಭಾರ ಬೀಳದ ಮೂಳೆ ಸವೆಯುತ್ತದೆ, ಆ ಸವೆತವೇ ಸಿಟಿಎಕ್ಸನ್ನು ಏರಿಸುತ್ತದೆ. ಟಿಬಿಯಾ ಮುರಿದವರನ್ನು ತಿಂಗಳುಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಆರು ತಿಂಗಳಾದ ಮೇಲೂ ಈ ಸೂಚಕಗಳು ಮೊದಲ ಮಟ್ಟಕ್ಕೆ ಇಳಿದಿರಲಿಲ್ಲ. ಆದ್ದರಿಂದ ಒಂದು ದಿನದ ಒಂದು ಸಂಖ್ಯೆಗೆ ಬೆಲೆ ಕಡಿಮೆ. ಅದೇ ವ್ಯಕ್ತಿಯ ಹಿಂದಿನ ಸಂಖ್ಯೆಗಳ ಜೊತೆ ಇಟ್ಟು ನೋಡಿದಾಗ ಕಾಣುವ ಏರಿಳಿತಕ್ಕೆ ಬೆಲೆ ಹೆಚ್ಚು. ಅದರಲ್ಲೂ ಶೇ 25–30ಕ್ಕಿಂತ ಕಡಿಮೆ ಏರುಪೇರನ್ನು ನಿಜವಾದ ಬದಲಾವಣೆ ಎಂದು ನಂಬುವುದು ಅವಸರವಾಗುತ್ತದೆ.

ಆಸ್ಟಿಯೋಕ್ಯಾಲ್ಸಿನ್ ಮೇಲೆ ಒಮ್ಮೆ ಬಹಳ ಭರವಸೆಯಿತ್ತು. 49 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನು ಆಸ್ಟಿಯೋಬ್ಲಾಸ್ಟ್‌ಗಳದ್ದೇ ತಯಾರಿ. ಆದರೆ ರಕ್ತ ತೆಗೆದ ಮೇಲೆ ಸಿರಿಂಜಿನಿಂದ ಯಂತ್ರಕ್ಕೆ ಹೋಗುವಷ್ಟರಲ್ಲಿ ಒಡೆಯತೊಡಗುತ್ತದೆ, ಮೂತ್ರಪಿಂಡ ಸೋತವರಲ್ಲಿ ಸುಮ್ಮನೆ ಏರುತ್ತದೆ. ಬೆಂಗಳೂರಿನ ಸಂಚಾರದಲ್ಲಿ ಮನೆಯಿಂದ ಮಾದರಿ ತೆಗೆದುಕೊಂಡು ಹೋಗುವ ವ್ಯವಸ್ಥೆಗೆ ಇದು ಹೇಳಿ ಮಾಡಿಸಿದ್ದಲ್ಲ.

ಚಿಕಿತ್ಸೆಯ ಬಗೆಯೂ ಸೂಚಕಗಳನ್ನು ಬದಲಿಸುತ್ತದೆ ಎಂಬುದನ್ನು ಹಲವು ವರದಿಗಳು ಮರೆತಂತಿದೆ. ಮೂಳೆಯ ಕೊಳವೆಯೊಳಗೆ ರಾಡ್ ಹಾಕಿದಾಗ ಅಥವಾ ಪಿಒಪಿ ಕಟ್ಟಿದಾಗ ಮುರಿತದ ತುದಿಗಳ ನಡುವೆ ಸಣ್ಣ ಚಲನೆ ಉಳಿಯುತ್ತದೆ. ಆ ಚಲನೆಯೇ ಮೃದ್ವಸ್ಥಿಯನ್ನೂ ದಪ್ಪ ಕ್ಯಾಲಸ್ಸನ್ನೂ ಹುಟ್ಟಿಸುವುದು. ಪ್ಲೇಟ್ ಮತ್ತು ಸ್ಕ್ರೂಗಳಿಂದ ತುದಿಗಳನ್ನು ಒಂದಕ್ಕೊಂದು ಬಿಗಿಯಾಗಿ ಒತ್ತಿ ಹಿಡಿದರೆ ಮೃದ್ವಸ್ಥಿಯ ಹಂತವೇ ಬಾರದೆ ಮೂಳೆ ನೇರವಾಗಿ ಕೂಡುತ್ತದೆ, ಕ್ಯಾಲಸ್ ಕಾಣುವುದೇ ಇಲ್ಲ. ಮೆದು ಕ್ಯಾಲಸ್ಸಿನ ಗುರುತಾದ ಮೂರನೇ ಬಗೆಯ ಕೊಲಾಜೆನ್ ತುಣುಕು ಮೊದಲ ಗುಂಪಿನಲ್ಲಿ ಏರುವಷ್ಟು ಎರಡನೆಯದರಲ್ಲಿ ಏರಬೇಕಿಲ್ಲ. ರಾಡ್ ಹಾಕಿದವರ ರೇಖೆಯನ್ನು ಪ್ಲೇಟ್ ಹಾಕಿದವರ ಮೇಲೆ ಹೇರಿ ‘ಕೂಡುತ್ತಿಲ್ಲ’ ಎಂದರೆ ತೀರ್ಪು ತಲೆಕೆಳಗಾಗುತ್ತದೆ.

ಮೃದ್ವಸ್ಥಿ ಮೂಳೆಯಾಗಿ ಮಾರ್ಪಡುವ ಆ ಹಂತಕ್ಕೆ ಮಾತ್ರ ಸೇರಿದ ಗುರುತೊಂದು ಸಿಕ್ಕರೆ ಕೆರೆಯ ನೀರಿನ ಸಮಸ್ಯೆ ಅರ್ಧ ತೀರುತ್ತದೆ. ಈಗಿನ ಸಂಶೋಧನೆಯ ಕುತೂಹಲಕರ ಭಾಗ ಇದೇ. ಹತ್ತನೇ ಬಗೆಯ ಕೊಲಾಜೆನ್ ಇರುವುದು ಊದಿಕೊಂಡ ಮೃದ್ವಸ್ಥಿ ಕೋಶಗಳ ಸುತ್ತ. ಬೆಳವಣಿಗೆ ಮುಗಿದ ವಯಸ್ಕರ ರಕ್ತದಲ್ಲಿ ಅದರ ಚೂರು ಅತ್ಯಲ್ಪ. ಈ ಚೂರನ್ನು ಅಳೆಯುವ ‘ಸಿಎಕ್ಸ್‌ಎಂ’ ಪರೀಕ್ಷೆಯನ್ನು ಅಮೆರಿಕದ ಪೋರ್ಟ್‌ಲ್ಯಾಂಡಿನ ಶ್ರೈನರ್ಸ್ ಮಕ್ಕಳ ಆಸ್ಪತ್ರೆಯ ತಂಡ 2017ರಲ್ಲಿ ಪ್ರಕಟಿಸಿತು. ಅವರ ಉದ್ದೇಶ ಮಕ್ಕಳ ಬೆಳವಣಿಗೆಯ ವೇಗ ತಿಳಿಯುವುದು. ಮುರಿದ ಮೂಳೆಯಲ್ಲೂ ಇದೇ ಹಂತ ಬರುವುದರಿಂದ, ಕಾಲು ಮುರಿದ ಇಲಿಗಳಲ್ಲಿ ಅಳೆದು ನೋಡಿದಾಗ ಮೃದ್ವಸ್ಥಿ ಮೂಳೆಯಾಗುವ ವೇಳೆಗೆ ಸರಿಯಾಗಿ ಅದು ಏರಿ ಇಳಿದದ್ದು ಕಂಡಿತು. ಬೆರಳಿಗೆ ಚುಚ್ಚಿ ಕಾಗದದ ಮೇಲೆ ಒಣಗಿಸಿದ ಒಂದು ಹನಿ ರಕ್ತವೂ ಸಾಕು ಎಂಬುದು ಇದರ ದೊಡ್ಡ ಅನುಕೂಲ. ಮನುಷ್ಯರ ಕಾಲಿಗೆ ಇದು ಇನ್ನೂ ಸಂಶೋಧನೆಯ ಹಂತದ್ದು, ಬಡಾವಣೆಯ ಪ್ರಯೋಗಾಲಯಗಳ ದರಪಟ್ಟಿಯಲ್ಲಿ ಸಿಗುವಂಥದ್ದಲ್ಲ. ಇದಕ್ಕೂ ಮೊದಲು, 2005ರಲ್ಲಿ, ಜರ್ಮನಿಯ ತಂಡವೊಂದು ಟಿಜಿಎಫ್-ಬೀಟಾ1 ಎಂಬ ಬೆಳವಣಿಗೆಯ ಅಂಶ ತಡವಾಗಿ ಕೂಡುವವರಲ್ಲಿ ನಾಲ್ಕನೇ ವಾರದ ಹೊತ್ತಿಗೆ ಕಡಿಮೆಯಾಗಿರುವುದನ್ನು ಗುರುತಿಸಿತ್ತು. ನಾಲ್ಕನೇ ವಾರದಲ್ಲೇ ಸುಳಿವು ಸಿಗುವುದಾದರೆ ಅದು ದೊಡ್ಡ ವಿಷಯ. ಆದರೆ ಹೋಲಿಸಿ ನೋಡಿದ ಗುಂಪು ತೀರ ಚಿಕ್ಕದು.

ಸೋಂಕಿನ ವಿಷಯಕ್ಕೆ ಬಂದರೆ ರಕ್ತದ ಮಾತು ಸ್ಪಷ್ಟವಾಗುತ್ತದೆ. ಸಿ-ರಿಯಾಕ್ಟಿವ್ ಪ್ರೋಟೀನ್ ಅಥವಾ ಸಿಆರ್‌ಪಿ, ಯಕೃತ್ತು ಉರಿಯೂತಕ್ಕೆ ಕೊಡುವ ಉತ್ತರ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ಕಂಡುಹಿಡಿದದ್ದು. ಕಾಲಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ಸೋಂಕಿಲ್ಲದಿದ್ದರೂ ಅದು ಏರಿಯೇ ಏರುತ್ತದೆ, ಎರಡನೇ ಅಥವಾ ಮೂರನೇ ದಿನ ತುದಿ ಮುಟ್ಟುತ್ತದೆ. ಅದರ ಅರ್ಧಾಯುಷ್ಯ ಸುಮಾರು 19 ಗಂಟೆ ಮಾತ್ರ. ಹಾಗಾಗಿ ಕಾರಣ ತೀರಿದ ಮೇಲೆ ಬೇಗ ಇಳಿದು ಎರಡು ಮೂರು ವಾರಗಳಲ್ಲಿ ಸಹಜಕ್ಕೆ ಬರುತ್ತದೆ. ಇಳಿಯುತ್ತಿದ್ದುದು ಮತ್ತೆ ಏರಿದರೆ ಗಾಯದೊಳಗೆ ಏನೋ ನಡೆದಿದೆ. ಉರಿಯೂತದ ಇನ್ನೊಂದು ಗುರುತಾದ ಇಎಸ್ಆರ್ ನಿಧಾನದ ಗಿರಾಕಿ, ಏರುವುದೂ ತಡ, ಇಳಿಯಲು ವಾರಗಳಲ್ಲ ತಿಂಗಳುಗಳೇ ಬೇಕಾಗಬಹುದು. ಬಿಳಿ ರಕ್ತಕಣಗಳ ಎಣಿಕೆ ಅನೇಕ ಸಲ ಸಹಜವಾಗಿದ್ದೇ ಮೋಸ ಮಾಡುತ್ತದೆ. ರಾಡಿನ ಸುತ್ತ ಪೊರೆ ಕಟ್ಟಿಕೊಂಡು ಕೂತ ಮಂದ ಸೋಂಕಿನಲ್ಲಿ ಸಿಆರ್‌ಪಿಯೂ ಸಹಜವಾಗಿರಬಹುದು. ಆ ಕಾರಣಕ್ಕೇ ಮುರಿತದ ಸೋಂಕಿನ ಬಗ್ಗೆ 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಒಮ್ಮತದ ವ್ಯಾಖ್ಯೆ ರಕ್ತದ ಸಂಖ್ಯೆಗಳನ್ನು ಅನುಮಾನದ ಗುರುತುಗಳ ಸಾಲಿನಲ್ಲಿಟ್ಟಿತು. ಖಚಿತ ಸಾಕ್ಷ್ಯವೆಂದರೆ ಕೀವು, ಮೂಳೆಯವರೆಗೆ ಹೋದ ರಂಧ್ರ, ಆಳದ ಎರಡು ಮಾದರಿಗಳಲ್ಲಿ ಬೆಳೆದ ಒಂದೇ ರೋಗಾಣು, ಸೂಕ್ಷ್ಮದರ್ಶಕದಲ್ಲಿ ಕಂಡ ಸೋಂಕು.

ಸೋಂಕಿಲ್ಲ, ರಾಡ್ ಬಿಗಿಯಾಗಿದೆ, ತುದಿಗಳು ಸರಿಯಾಗಿ ಕೂತಿವೆ. ಆದರೂ ಮೂಳೆ ಕೂಡುತ್ತಿಲ್ಲ. ಇಂಥಲ್ಲಿ ರಕ್ತಪರೀಕ್ಷೆಯ ಬೆಲೆ ಅತಿ ಹೆಚ್ಚು. ಅಮೆರಿಕದ ಟೆಕ್ಸಾಸಿನ ಬ್ರಿಂಕರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣ ತಿಳಿಯದೆ ಮೂಳೆ ಕೂಡದ 37 ರೋಗಿಗಳನ್ನು ಹಾರ್ಮೋನ್ ತಜ್ಞರ ಬಳಿಗೆ ಕಳಿಸಲಾಯಿತು. 31 ಮಂದಿಯಲ್ಲಿ ಗೊತ್ತೇ ಆಗದಿದ್ದ ಚಯಾಪಚಯ ದೋಷ ಪತ್ತೆಯಾಯಿತು. 25 ಮಂದಿಗೆ ವಿಟಮಿನ್ ಡಿ ಕೊರತೆ, ಉಳಿದವುಗಳಲ್ಲಿ ಥೈರಾಯ್ಡ್, ಕ್ಯಾಲ್ಸಿಯಂ ಮುಂತಾದ ಏರುಪೇರು. ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎನ್ನುವುದು ರೂಢಿ. ಬಿಸಿಲಿಗೆ ಬರವಿಲ್ಲದ ನಾಡಿನಲ್ಲೂ ಈ ಕೊರತೆ ಎಷ್ಟು ವ್ಯಾಪಕವೆಂದರೆ, ಕಂಡುಬಂದ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು. ಚೆನ್ನಾಗಿ ಕೂಡಿದವರಲ್ಲೂ ಅದು ಇರುತ್ತದೆ. ಕೊರತೆಯನ್ನು ತುಂಬಬೇಕು, ನಿಜ. ಡಿ ಇಂಜೆಕ್ಷನ್ ಕೊಟ್ಟರೆ ಮೂಳೆ ಬೇಗ ಕೂಡುತ್ತದೆಂಬ ಜನಪ್ರಿಯ ನಂಬಿಕೆಗೆ ಮಾತ್ರ ಗಟ್ಟಿ ಆಧಾರ ಸಿಕ್ಕಿಲ್ಲ.

ಕ್ಯಾಲ್ಸಿಯಂ ಪರೀಕ್ಷೆಯ ಬಗ್ಗೆ ಮನೆಗಳಲ್ಲಿ ಇರುವ ತಪ್ಪು ತಿಳಿವಳಿಕೆಯೂ ಇಂಥದ್ದೇ. ರಕ್ತದ ಕ್ಯಾಲ್ಸಿಯಂ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ನಡುವೆ ಕದಲದೆ ನಿಲ್ಲುವುದು ಪ್ಯಾರಾಥೈರಾಯ್ಡ್ ಹಾರ್ಮೋನಿನ ಹಿಡಿತದಿಂದ. ಊಟದಲ್ಲಿ ಕಡಿಮೆಯಾದರೆ ಹಾರ್ಮೋನು ಮೂಳೆಯಿಂದಲೇ ಕಿತ್ತು ತುಂಬಿಸುತ್ತದೆ, ವರದಿ ‘ನಾರ್ಮಲ್’ ಎಂದೇ ಬರುತ್ತದೆ. ಕಾಲು ಮುರಿದವರಿಗೆ ಮನೆಯವರು ಕಾಲುಸೂಪು ಕುಡಿಸುತ್ತಾರೆ, ರಾಗಿಮುದ್ದೆ ಬಡಿಸುತ್ತಾರೆ. ರಾಗಿಯದು ಒಳ್ಳೆಯ ಸಲಹೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಸೂಪಿನ ಮಹಿಮೆಯನ್ನು ರಕ್ತ ದೃಢಪಡಿಸಿದ್ದಿಲ್ಲ. ಅದಕ್ಕಿಂತ ಮೂರು ತಿಂಗಳ ಸಕ್ಕರೆ ಹೇಳುವ ಎಚ್‌ಬಿಎ1ಸಿ ನೋಡುವುದು ಮುಖ್ಯ. ಹತೋಟಿ ತಪ್ಪಿದ ಮಧುಮೇಹ ಕೂಡುವಿಕೆಯನ್ನು ತಡಮಾಡುತ್ತದೆ, ಸೋಂಕನ್ನು ಕರೆಯುತ್ತದೆ. ಇನ್ನು ಬೀಡಿ, ಸಿಗರೇಟು. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನವೊಂದರ 2005ರ ವರದಿಯ ಪ್ರಕಾರ, ಚರ್ಮ ಸೀಳಿದ ಟಿಬಿಯಾ ಮುರಿತವಿರುವ ಧೂಮಪಾನಿಗಳಲ್ಲಿ ಮೂಳೆ ಕೂಡುವ ಸಂಭವ ಸೇದದವರಿಗಿಂತ ಶೇ 37ರಷ್ಟು ಕಡಿಮೆ.

ಪರೀಕ್ಷೆ ಮಾಡಿಸುವ ರೀತಿ ತಪ್ಪಿದರೆ ಸಂಖ್ಯೆಗೆ ಅರ್ಥವಿಲ್ಲ. ಸಿಟಿಎಕ್ಸ್ ನಸುಕಿನಲ್ಲಿ ಏರಿ, ತಿಂದ ಮೇಲೆ ಇಳಿಯುವುದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ, ಪ್ರತಿ ಸಲ ಒಂದೇ ಹೊತ್ತಿಗೆ ರಕ್ತ ಕೊಡಬೇಕು. ಎಎಲ್‌ಪಿಗೆ ಸತು ಮತ್ತು ಮೆಗ್ನೀಸಿಯಂ ಬೇಕು. ನೇರಳೆ ಮುಚ್ಚಳದ ಕೊಳವೆಯಲ್ಲಿರುವ ಇಡಿಟಿಎ ಅವನ್ನು ಕಸಿದುಕೊಳ್ಳುವುದರಿಂದ ಅದರಲ್ಲಿ ತೆಗೆದ ರಕ್ತ ಸುಳ್ಳೇ ಕಡಿಮೆ ತೋರಿಸುತ್ತದೆ. ಸಿಟಿಎಕ್ಸ್‌ಗೆ ಅದೇ ನೇರಳೆ ಕೊಳವೆ ಒಳ್ಳೆಯದು. ಕೂದಲು ಉದುರದಿರಲೆಂದು ನುಂಗುವ ಬಯೋಟಿನ್ ಮಾತ್ರೆ ಪಿ1ಎನ್‌ಪಿ, ವಿಟಮಿನ್ ಡಿ ಮುಂತಾದ ಪರೀಕ್ಷೆಗಳ ಕೆಲವು ಯಂತ್ರಗಳನ್ನು ಗೊಂದಲಕ್ಕೆ ದೂಡುತ್ತದೆ. ಸಿಆರ್‌ಪಿಯನ್ನು ಒಂದು ಕಡೆ ಲೀಟರಿನ ಲೆಕ್ಕದಲ್ಲೂ ಇನ್ನೊಂದು ಕಡೆ ಡೆಸಿಲೀಟರಿನ ಲೆಕ್ಕದಲ್ಲೂ ಬರೆಯುತ್ತಾರೆ. ಯಲಹಂಕದ ಪ್ರಯೋಗಾಲಯದಲ್ಲಿ 2 ಇದ್ದದ್ದು ಹೆಬ್ಬಾಳದಲ್ಲಿ 20 ಆದರೆ ಸೋಂಕು ಹತ್ತುಪಟ್ಟು ಏರಿತೆಂದು ಬೆಚ್ಚುವ ಮೊದಲು ಮಾನವನ್ನು ಓದಿಕೊಳ್ಳಬೇಕು. ಆದಷ್ಟೂ ಒಂದೇ ಪ್ರಯೋಗಾಲಯಕ್ಕೆ ಹೋಗುವುದು ಕ್ಷೇಮ. ನಾಟಿ ವೈದ್ಯರ ‘ಪುತ್ತೂರು ಕಟ್ಟು’ ಹಾಕಿಸಿಕೊಂಡು ತಿಂಗಳಾದ ಮೇಲೆ ಆಸ್ಪತ್ರೆಗೆ ಬರುವವರ ಮಟ್ಟಿಗೆ ಮೊದಲ ದಿನದ ಅಳತೆ ಎಂಬುದೇ ಇರುವುದಿಲ್ಲ. ಅಲ್ಲಿ ಎಕ್ಸ್‌ರೇಯೇ ಗತಿ.

ಖರ್ಚಿನ ಲೆಕ್ಕದಲ್ಲಿ ಎಎಲ್‌ಪಿ, ಸಿಆರ್‌ಪಿ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತವೆ. ಪಿ1ಎನ್‌ಪಿ, ಸಿಟಿಎಕ್ಸ್ ಸಾವಿರಗಳ ಬಾಬ್ತು. ಸಾಮಾನ್ಯ ಮುರಿತಕ್ಕೆ ಎರಡನೆಯ ಗುಂಪನ್ನು ಬರೆದುಕೊಡಲು ಸದ್ಯಕ್ಕೆ ಕಾರಣವಿಲ್ಲ, ಅವುಗಳ ಸಂಖ್ಯೆ ನೋಡಿ ಚಿಕಿತ್ಸೆ ಬದಲಿಸುವ ಒಪ್ಪಿತ ನಿಯಮವೇ ಇನ್ನೂ ರೂಪುಗೊಂಡಿಲ್ಲ. ಸೋಂಕಿನ ಅನುಮಾನವಿದ್ದರೆ ಸಿಆರ್‌ಪಿ ಸರಣಿ, ತಡವಾದರೆ ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್, ಥೈರಾಯ್ಡ್, ಎಚ್‌ಬಿಎ1ಸಿ: ದುಡ್ಡಿಗೆ ತಕ್ಕ ಉತ್ತರ ಸಿಗುವುದು ಇವುಗಳಲ್ಲಿ.

ಯಾಂತ್ರಿಕ ದೋಷದ ಬಗ್ಗೆ ರಕ್ತ ಏನನ್ನೂ ಹೇಳುವುದಿಲ್ಲ. ಸ್ಕ್ರೂ ಮುರಿದು ತುದಿಗಳು ಅಲುಗಾಡುತ್ತಿರುವ ಕಾಲಿನಲ್ಲಿ ಕ್ಯಾಲಸ್ ಆನೆಯ ಪಾದದಂತೆ ಉಬ್ಬಿ ಬೆಳೆದಿರುತ್ತದೆ. ಕೋಶಗಳು ಜೀವಂತವಾಗಿವೆ, ಕಟ್ಟುವ ಕೆಲಸ ಜೋರಾಗಿದೆ, ಕೂಡಿಲ್ಲ ಅಷ್ಟೇ. ಎಎಲ್‌ಪಿ ಇಲ್ಲಿ ಏರಿಯೇ ಇರಬಹುದು. ಇಂಥ ಕಾಲಿಗೆ ಬೇಕಾದದ್ದು ಭದ್ರತೆ: ದಪ್ಪ ರಾಡಿಗೆ ಬದಲಾಯಿಸುವುದು ಅಥವಾ ಪ್ಲೇಟ್ ಸೇರಿಸುವುದು. ಇನ್ನೊಂದು ಬಗೆಯಲ್ಲಿ ತುದಿಗಳು ಸೊರಗಿ ಚೂಪಾಗಿ ಕ್ಯಾಲಸ್ಸೇ ಇರುವುದಿಲ್ಲ. ಆಗ ಸೊಂಟದ ಮೂಳೆಯಿಂದ ಕಸಿ ತೆಗೆದು ಹಾಕುತ್ತಾರೆ, ದೊಡ್ಡ ಅಂತರ ಬಿದ್ದಿದ್ದರೆ ಇಲಿಜಾರೋವ್ ಉಂಗುರ ತೊಡಿಸುತ್ತಾರೆ. ಎರಡರಲ್ಲಿ ಇದು ಯಾವುದು ಎಂಬುದನ್ನು ತೀರ್ಮಾನಿಸಲು ಎಕ್ಸ್‌ರೇ, ಸಿಟಿ ಸ್ಕ್ಯಾನ್ ಮತ್ತು ಕಾಲೂರಿದಾಗ ನೋವು ಎಲ್ಲಿ ಎಂದು ಕೇಳುವ ವೈದ್ಯರೇ ಬೇಕು. ಹೊಸ ಶಸ್ತ್ರಚಿಕಿತ್ಸೆಯೊಂದಿಗೆ ಸಿಆರ್‌ಪಿ ಮತ್ತೆ ಏರುತ್ತದೆ, ಎಎಲ್‌ಪಿಯ ರೇಖೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ತೆಗೆದ ರಕ್ತವೇ ಅಲ್ಲಿಂದ ಮುಂದಿನ ಹೋಲಿಕೆಗೆ ಆಧಾರ.